ರಂಜಿನಿಯ ನಾಲ್ಕನೇ ಕಂಪ್ಯೂಟರ್

ರಂಜಿನಿ ಮೊದಲ ಸಲ ಕಂಪ್ಯೂಟರಿನ ಮುಚ್ಚಳ ಬಿಚ್ಚಿದಾಗ ಅವಳಿಗೆ ಮೂವತ್ತೊಂಬತ್ತು ವರ್ಷ. ಒಳಗೆ ಕಂಡದ್ದು ಬೆರಳು ಹೂತುಹೋಗುವಷ್ಟು ಧೂಳು, ಸತ್ತ ಎರಡು ಜಿರಳೆ, ಮೂಲೆಯಲ್ಲಿ ಅಂಗೈ ಅಗಲದ ಒಂದು ಲೋಹದ ಪೆಟ್ಟಿಗೆ. ಅದೇ ಹಾರ್ಡ್ ಡಿಸ್ಕ್, ನೀವು ಬರೆದಿಟ್ಟದ್ದೆಲ್ಲ ಅದರೊಳಗೆ ತಿರುಗುವ ತಟ್ಟೆಗಳ ಮೇಲೆ ಇರುತ್ತದೆ ಎಂದು ಫೋನಿನ ಆ ಕಡೆಯಿಂದ ರಿಪೇರಿ ಅಂಗಡಿಯ ಕಾಂತರಾಜು ಹೇಳಿದ. ರಂಜಿನಿ ಅದನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಿತ್ತು.

ಅವಳು ಶಾಂತಿಗ್ರಾಮ ಹೋಬಳಿಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಹುಟ್ಟಿದ್ದು ಕೊರವಂಗಲದ ಆಚೆಯ ಸಣ್ಣ ಹಳ್ಳಿಯಲ್ಲಿ. ತಂದೆ ಲಕ್ಕಯ್ಯ ಅಲ್ಲಿನ ಕೆರೆಯ ನೀರುಗಂಟಿ. ತೂಬು ಎತ್ತಿ ನೀರು ಬಿಡುವುದು, ಯಾವ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ಹರಿಯಬೇಕೆಂದು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಓದು ಬರಹ ಅವನಿಗೆ ಬಾರದು. ಮಗಳನ್ನು ಮಾತ್ರ ಹೊಳೆನರಸೀಪುರದ ಹಾಸ್ಟೆಲಿನಲ್ಲಿ ಬಿಟ್ಟು ಬಿ.ಎ. ಮಾಡಿಸಿದ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವಳು ಹೊಲಿಗೆ ಕಲಿತಳು, ಅಂಗನವಾಡಿಗೆ ಅರ್ಜಿ ಹಾಕಿ ಬಿಟ್ಟಳು, ಕೊನೆಗೆ ಗ್ರಂಥಾಲಯದ ಕೀಲಿಕೈ ಅವಳ ಕೈಗೆ ಬಂತು. ಅದಾಗಿ ಹನ್ನೊಂದು ವರ್ಷ. ಗಂಡ ಶಾಂತರಾಜು ಚನ್ನರಾಯಪಟ್ಟಣದ ಕಡೆ ಹಾಲಿನ ವ್ಯಾನ್ ಓಡಿಸುತ್ತಾನೆ.

ಗ್ರಂಥಾಲಯಕ್ಕೆ ನಾಲ್ಕು ಕಂಪ್ಯೂಟರ್ ಬಂದು ಮೂರು ವರ್ಷವಾಗಿತ್ತು. ಹಾಸನದ ಯಾವುದೋ ಕಚೇರಿಯವರು ತಮಗೆ ಹೊಸದು ಬಂದಾಗ ಹಳೆಯದನ್ನು ಪಂಚಾಯಿತಿಗೆ ಕೊಟ್ಟಿದ್ದರು. ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿ ಇಟ್ಟಿದ್ದ ಕಾಂತರಾಜು ಅವಕ್ಕೆ ಲಿನಕ್ಸ್ ಹಾಕಿಕೊಟ್ಟು, "ಹಳೇ ಮಿಷಿನ್‌ಗೆ ಇದೇ ಸರಿ ಅಕ್ಕಾ, ವೈರಸ್ ಕಾಟ ಇರಾಕಿಲ್ಲ" ಎಂದಿದ್ದ. ವೈರಸ್ಸೇನೋ ಬರಲಿಲ್ಲ. ಆದರೆ ಬೆಳಿಗ್ಗೆ ಸ್ವಿಚ್ ಒತ್ತಿ, ಕಸ ಗುಡಿಸಿ, ಪತ್ರಿಕೆಗಳನ್ನು ಜೋಡಿಸಿ, ಕೈಕಾಲು ತೊಳೆದು ಬಂದರೂ ನಾಲ್ಕನೆಯ ಕಂಪ್ಯೂಟರ್ ಇನ್ನೂ ಏಳುತ್ತಲೇ ಇರುತ್ತಿತ್ತು.

ಅದರ ಮುಂದೆ ದಿನಾ ಕೂರುತ್ತಿದ್ದವರು ಪಂಚಾಕ್ಷರಯ್ಯ. ಎಪ್ಪತ್ತನಾಲ್ಕು ವರ್ಷದ ನಿವೃತ್ತ ಗ್ರಾಮ ಲೆಕ್ಕಿಗರು. ಸುತ್ತಲಿನ ಹಳ್ಳಿಗಳ ಹೊಲಗದ್ದೆಗಳ ಹೆಸರುಗಳನ್ನು ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಪಹಣಿಯಲ್ಲಿ ಈಗ ಉಳಿದಿರುವುದು ಸರ್ವೆ ನಂಬರ್ ಮಾತ್ರ, ಆದರೆ ಜನ ಒಂದೊಂದು ತುಂಡಿಗೂ ಒಂದು ಹೆಸರು ಇಟ್ಟಿದ್ದರು, ಬೂವನಹಳ್ಳಿ ಕಡೆ ವಿಮಾನ ನಿಲ್ದಾಣಕ್ಕೆಂದು ಹೋದ ಹೊಲಗಳ ಹೆಸರು ಈಗಲೇ ಹುಡುಗರಿಗೆ ಗೊತ್ತಿಲ್ಲ, ಬರೆದಿಡದಿದ್ದರೆ ಮುಗಿಯಿತು ಎನ್ನುವುದು ಅವರ ಚಿಂತೆ. ಊರೂರು ತಿರುಗಿ ಕೇಳಿಕೊಂಡು ಬರುತ್ತಿದ್ದರು. ಕೇಳಿದ್ದನ್ನು ಚೀಟಿಯಲ್ಲಿ ಗೀಚಿಕೊಂಡು, ಕಂಪ್ಯೂಟರಿಗೆ ಹಾಕಿದ ಮೇಲೆ ಚೀಟಿಯನ್ನು ಹರಿದುಬಿಡುತ್ತಿದ್ದರು. ಎರಡು ಕಡೆ ಇದ್ದರೆ ಗೊಂದಲ ಎಂಬುದು ಅವರ ಕಚೇರಿಯ ಕಾಲದ ಅಭ್ಯಾಸ.

ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದ ಸಿಂಧುವಿನ ಕಷ್ಟ ಬೇರೆ. "ಅಕ್ಕಾ, ಮುಂದಿನ್ ಪ್ರಶ್ನೆ ಬರೋ ಒತ್ಗೆ ಇಂದಿನ್ ಪ್ರಶ್ನೆನೇ ಮರ್ತೋಯ್ತದೆ" ಎಂದು ಅವಳು ಗೊಣಗುತ್ತಿದ್ದಳು. ಇನ್ನುಳಿದವರು ಡಬ್ಬ ಎಂದು ಬೈದು ಎದ್ದುಹೋಗುತ್ತಿದ್ದರು. ರಂಜಿನಿಗೆ ಅವಮಾನವಾಗುತ್ತಿತ್ತು. ಗ್ರಂಥಾಲಯದಲ್ಲಿ ಒಂದು ಕುರ್ಚಿಯ ಕಾಲು ಅಲ್ಲಾಡಿದರೂ ತನ್ನದೇ ತಪ್ಪೆಂದುಕೊಳ್ಳುವ ಹೆಂಗಸು ಅವಳು.

ಕಾಂತರಾಜುವಿಗೆ ಫೋನ್ ಮಾಡಿದಳು.

"ಎಸ್‌ಎಸ್‌ಡಿ ಅಂತ ಹೊಸ ನಮೂನೆ ಡಿಸ್ಕ್ ಬಂದದೆ, ಹಾಕ್ಸ್‌ಬುಡಿ ಅಕ್ಕಾ, ಸರ್ ಅಂತ ಓಡ್ತವೆ" ಎಂದ.

"ಪಿಡಿಒ ಮೇಡಂ ಮುಂದಿನ ವರ್ಷ ನೋಡಾಣ ಅಂದವ್ರೆ. ಇರೋದ್ರಲ್ಲೇ ಏನಾರ ಮಾಡಾಕಾಯ್ತದಾ?"

"ಆಯ್ತದೆ. ಆದ್ರೆ ನಿಧಾನ ನಿಧಾನ ಅಂತೀರಲ್ಲ, ಎಷ್ಟು ನಿಧಾನ?"

ಮೂರು ವರ್ಷದಿಂದ ದೂರುತ್ತಿದ್ದ ರಂಜಿನಿ ಒಮ್ಮೆಯೂ ಅಳೆದಿರಲಿಲ್ಲ. ಅಂದು ಕಾಂತರಾಜು ಫೋನಿನಲ್ಲೇ ಒಂದೊಂದಕ್ಷರ ಹೇಳಿ ಅವಳಿಂದ ಒಂದು ಆದೇಶ ಟೈಪ್ ಮಾಡಿಸಿದ. ಕಪ್ಪು ಪರದೆಯ ಮೇಲೆ ಮೂರು ಸೆಕೆಂಡಿನಲ್ಲಿ ಒಂದು ಸಂಖ್ಯೆ ಬಂತು. ಡಿಸ್ಕಿನಿಂದ ಸೆಕೆಂಡಿಗೆ ಎಷ್ಟು ಎಂಬಿ ಓದಲು ಸಾಧ್ಯ ಎಂಬ ಲೆಕ್ಕ ಅದು. ಮೊದಲನೆಯ ಕಂಪ್ಯೂಟರಿನಲ್ಲಿ ತೊಂಬತ್ತೆರಡು, ಎರಡನೆಯದರಲ್ಲಿ ಎಂಬತ್ತೆಂಟು, ಮೂರನೆಯದರಲ್ಲಿ ತೊಂಬತ್ತೈದು. ನಾಲ್ಕನೆಯದರಲ್ಲಿ ಹನ್ನೊಂದು.

"ಡಿಸ್ಕ್ ಕೆಟ್ಟೋಗೈತೆ ಅಂತ ಕಾಣ್ತದೆ ಅಲ್ವಾ?" ಎಂದಳು.

"ಈಗ್ಲೇ ಯೋಳಾಕಾಗಕಿಲ್ಲ. ಮುಚ್ಚಳ ಬಿಚ್ಚಿ."

ಹಾಗೆ ಬಿಚ್ಚಿದ್ದು ಅವಳು ಮೊದಲ ಸಲ. ಡಿಸ್ಕಿಗೂ ಒಳಗಿನ ಹಸಿರು ಹಲಗೆಗೂ ನಡುವೆ ಒಂದು ಕೆಂಪು ಕೇಬಲ್ ಇತ್ತು. ಅದನ್ನು ಎರಡನೆಯ ಕಂಪ್ಯೂಟರಿನ ಕೇಬಲ್ಲಿಗೆ ಅದಲುಬದಲು ಮಾಡಿ ಮತ್ತೆ ಅಳೆಯಲು ಕಾಂತರಾಜು ಹೇಳಿದ. ಈಗ ನಾಲ್ಕನೆಯದು ತೊಂಬತ್ತೊಂದು ತೋರಿಸಿತು, ಎರಡನೆಯದು ಹದಿಮೂರಕ್ಕೆ ಇಳಿಯಿತು. ಕೆಟ್ಟಿದ್ದು ಕೇಬಲ್. ಕಳಿಸಿದ್ದು ಸರಿಯಾಗಿ ತಲುಪದೆ ಕಂಪ್ಯೂಟರ್ ಒಂದೇ ಮಾತನ್ನು ಹತ್ತು ಸಲ ಕೇಳಿಕೊಳ್ಳುತ್ತಿತ್ತು. ಮಾರನೆಯ ದಿನ ಶಾಂತರಾಜುವಿನ ಹಾಲಿನ ವ್ಯಾನಿನಲ್ಲಿ ಹೊಸ ಕೇಬಲ್ ಬಂತು. ಮೂರು ವರ್ಷ ಎಲ್ಲರಿಂದ ಬೈಸಿಕೊಂಡ ಡಿಸ್ಕು ಚೆನ್ನಾಗಿಯೇ ಇತ್ತಲ್ಲ ಎಂದು ರಂಜಿನಿ ಆ ದಿನವೆಲ್ಲ ಅಂದುಕೊಳ್ಳುತ್ತಿದ್ದಳು.

ಅಲ್ಲಿಂದ ಅವಳಿಗೆ ಅದೊಂದು ಹುಚ್ಚು ಹತ್ತಿತು. ಲಿನಕ್ಸಿನೊಳಗೇ ಇದ್ದ ಇಂಗ್ಲಿಷ್ ಕೈಪಿಡಿಯನ್ನು ತೆರೆದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದತೊಡಗಿದಳು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಯಾವ ಕಂಪ್ಯೂಟರ್, ಏನು ಬದಲಿಸಿದೆ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಬರೆದಳು. ಪ್ರತಿಯೊಂದನ್ನೂ ಮೂರು ಸಲ ಅಳೆದು ನಡುವಿನದನ್ನು ಇಟ್ಟುಕೊಂಡಳು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಕಾಂತರಾಜು ಹೇಳಿಕೊಟ್ಟ ನೇಮ.

ಕೆಲವು ಸಂಗತಿಗಳು ಅವಳಿಗೆ ಕೈಪಿಡಿ ಬರೆದವರಿಗಿಂತ ಬೇಗ ಅರ್ಥವಾದವು. ಯಾರಾದರೂ ಒಂದು ಕಡತವನ್ನು ಸುಮ್ಮನೆ ತೆರೆದು ನೋಡಿದರೂ, ಇಷ್ಟು ಗಂಟೆಗೆ ನೋಡಿದರು ಎಂದು ಕಂಪ್ಯೂಟರ್ ಗುರುತು ಹಾಕಿಕೊಳ್ಳುತ್ತಿತ್ತು. ಕಪಾಟಿನ ಪುಸ್ತಕವನ್ನು ಮುಟ್ಟಿದವರ ಹೆಸರನ್ನೆಲ್ಲ ರಿಜಿಸ್ಟರಿಗೆ ಹತ್ತಿಸಿದರೆ ತನ್ನ ಗತಿ ಏನಾದೀತೆಂದು ನಕ್ಕು ಅದನ್ನು ನಿಲ್ಲಿಸಿದಳು. ಅದರಿಂದ ಹೆಚ್ಚೇನೂ ಲಾಭವಾಗಲಿಲ್ಲ. ಹಾಗೆಂದೇ ನೋಟ್‌ಬುಕ್ಕಿನಲ್ಲಿ ಬರೆದಳು. ಮೊದಲ ಪುಟ ಕೇಳಿದವರು ಎರಡನೆಯದನ್ನೂ ಕೇಳುತ್ತಾರೆಂದು ಒಂದಷ್ಟನ್ನು ಮುಂಚೆಯೇ ಓದಿಟ್ಟುಕೊಳ್ಳುವಂತೆ ಮಾಡಬಹುದಿತ್ತು. ಅದರಿಂದ ಲಾಭವಾಯಿತು. ಸುಮ್ಮನೆ ಎದ್ದು ಕೂರುತ್ತಿದ್ದ ಬೇಡದ ತಂತ್ರಾಂಶಗಳನ್ನು ಒಂದೊಂದಾಗಿ ಮಲಗಿಸಿದಳು. ಅದರಿಂದ ಬಹಳ ಲಾಭವಾಯಿತು. ಏಳು ನಿಮಿಷ ತೆಗೆದುಕೊಳ್ಳುತ್ತಿದ್ದ ನಾಲ್ಕನೆಯ ಕಂಪ್ಯೂಟರ್ ದೀಪಾವಳಿಯ ಹೊತ್ತಿಗೆ ಎರಡೂಕಾಲು ನಿಮಿಷದಲ್ಲಿ ಏಳುತ್ತಿತ್ತು.

ಹಾಸನದಲ್ಲಿ ತಿಂಗಳಿಗೊಮ್ಮೆ ಮೇಲ್ವಿಚಾರಕರ ಸಭೆ ಸೇರುತ್ತದೆ. ಅಲ್ಲಿ ಈ ಸುದ್ದಿ ಹೋಯಿತು. ಅರಕಲಗೂಡು ಕಡೆಯ ಮೇಲ್ವಿಚಾರಕ ಅಶೋಕ ಮೊದಲು ಕರೆದ. "ನಮ್ಮಲ್ಲೂ ಒಸಿ ಬಂದು ನೋಡಕ್ಕಾ, ನಮ್ ಮಿಷಿನ್ ಎದ್ದೇಳೋದ್ರೊಳ್ಗೆ ಊಟದ್ ಒತ್ತಾಯ್ತದೆ." ಹೋಗಿ ನೋಡಿದಳು. ಆಮೇಲೆ ಹೊಳೆನರಸೀಪುರದ ಕಡೆಯಿಂದ ಎರಡು ಊರಿನವರು, ಚನ್ನರಾಯಪಟ್ಟಣದ ಕಡೆಯಿಂದ ಇನ್ನೆರಡು ಊರಿನವರು ಕರೆದರು. ರಜದ ದಿನ ಬಸ್ಸು ಹತ್ತಿ, ಚೀಲದಲ್ಲಿ ಸ್ಕ್ರೂಡ್ರೈವರ್, ಎರಡು ಕೇಬಲ್, ನೋಟ್‌ಬುಕ್ ಇಟ್ಟುಕೊಂಡು ಹೋಗುತ್ತಿದ್ದಳು. ಡಿಸ್ಕ್ ಮೇಡಂ ಎಂದು ಯಾರೋ ಹೆಸರಿಟ್ಟರು. ಹಾಸ್ಟೆಲಿನ ದಿನಗಳಿಂದಲೂ ಎಲ್ಲೇ ಆದರೂ ಕೊನೆಯ ಸಾಲಿನಲ್ಲಿ ಕೂತು ಅಭ್ಯಾಸವಾಗಿದ್ದವಳು ಈಗ ಮುಂದಿನ ಸಾಲಿಗೆ ಬಂದಿದ್ದಳು. ಹಿತವಾಗಿತ್ತು. ಅದನ್ನು ಅವಳು ಮುಚ್ಚಿಡುವುದಿಲ್ಲ.

ಕಾಂತರಾಜು ಒಂದು ಮಾತು ಹೇಳಿದ್ದ. "ಓದೋ ಕಡೆ ಏನಾರ ಆಟ ಆಡಿ ಅಕ್ಕಾ. ಬರೆಯೋ ಕಡೆ ಮಾತ್ರ ಕೈ ಹಾಕ್‌ಬ್ಯಾಡಿ." ಯಾಕೆಂದು ಕೇಳುವಷ್ಟರಲ್ಲಿ ಅವನ ಅಂಗಡಿಗೆ ಗಿರಾಕಿ ಬಂದು ಫೋನ್ ಕಟ್ಟಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಅವಳು ಬರೆಯುವ ಕಡೆ ಕೈ ಹಾಕಿದಳು. ಪಂಚಾಕ್ಷರಯ್ಯನವರ ಕಡತ ಬೆಳೆದು, ಒಂದೊಂದು ಹೆಸರಿಗೂ ಒಂದೊಂದು ಫೋಟೋ ಸೇರಿ ಭಾರವಾಗಿತ್ತು. ಉಳಿಸು ಎಂದು ಒತ್ತಿದರೆ ಹದಿನೆಂಟು ಸೆಕೆಂಡು ಬೇಕಾಗುತ್ತಿತ್ತು. ಅಷ್ಟೂ ಹೊತ್ತು ಅವರು ಕೈಕಟ್ಟಿ ಕೂತಿರುತ್ತಿದ್ದರು. ಅಂತರ್ಜಾಲದಲ್ಲಿ ಯಾರೋ ಬರೆದಿದ್ದುದನ್ನು ರಂಜಿನಿ ಓದಿದಳು. ಬರೆ ಎಂದೊಡನೆ ಕಂಪ್ಯೂಟರ್ ತಟ್ಟೆಯ ಮೇಲೆ ಬರೆಯುವುದಿಲ್ಲ, ಮೊದಲು ನೆನಪಿನಲ್ಲಿ ಇಟ್ಟುಕೊಂಡು ಕೆಲವು ಸೆಕೆಂಡು ಬಿಟ್ಟು ಡಿಸ್ಕಿಗೆ ಇಳಿಸುತ್ತದೆ, ಇಳಿದಿದೆಯೋ ಇಲ್ಲವೋ ಎಂದು ಆಗಾಗ ತಡೆದು ಖಾತ್ರಿ ಮಾಡಿಕೊಳ್ಳುತ್ತದೆ, ನಿಧಾನವಾಗುವುದು ಈ ಖಾತ್ರಿಯಿಂದ. ಅದನ್ನು ತೆಗೆದುಹಾಕಬಹುದು, ಕೆಲವು ಸೆಕೆಂಡಿನ ಗಡುವನ್ನು ಹತ್ತು ನಿಮಿಷಕ್ಕೆ ಎಳೆಯಬಹುದು. ಕರೆಂಟು ಹೋದರೆ ನೆನಪಿನಲ್ಲಿದ್ದದ್ದು ಅಳಿಸಿಹೋಗುತ್ತದೆ, ಬ್ಯಾಟರಿ ಸರಿಯಿರುವ ಕಡೆ ಮಾತ್ರ ಹೀಗೆ ಮಾಡಿ ಎಂದು ಕೊನೆಯಲ್ಲಿ ಒಂದು ಸಾಲು ಇತ್ತು. ಗ್ರಂಥಾಲಯದ ಯುಪಿಎಸ್ ಬ್ಯಾಟರಿ ದಸರಾಕ್ಕೆ ಮುಂಚೆಯೇ ಸತ್ತಿತ್ತು. ಅವಳು ಆ ಸಾಲನ್ನು ಓದಿದಳು. ಓದಿಯೂ ಮುಂದೆ ಹೋದಳು.

ಮಾರನೆಯ ದಿನ ಪಂಚಾಕ್ಷರಯ್ಯ ಉಳಿಸು ಎಂದು ಒತ್ತಿ ಕೈಕಟ್ಟಲು ಹೋದವರು ಬೆರಗಾದರು. "ಏನಮ್ಮ ಇದು! ಒತ್ತೋದೇ ತಡ, ಮುಗೀತು ಅಂತಲ್ಲ!" ಆ ಮುಖ ನೋಡಿ ರಂಜಿನಿಗೆ ಬೇರೇನೂ ಬೇಡವೆನಿಸಿತು. ಕರೆದ ಊರುಗಳ ಕಂಪ್ಯೂಟರುಗಳಲ್ಲೂ ಅದೇ ಬದಲಾವಣೆ ಮಾಡಿಬಂದಳು. ಅಲ್ಲಿಯವರೆಗೆ ಪ್ರತಿ ಶನಿವಾರ ಪಂಚಾಕ್ಷರಯ್ಯನವರ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿಡುತ್ತಿದ್ದಳು. ಈ ಓಡಾಟದಲ್ಲಿ ಅದೂ ತಪ್ಪಿಹೋಯಿತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮೂರು ಗಂಟೆ ಇರಬಹುದು, ಮಳೆಗೆ ಮುಂಚಿನ ಗಾಳಿ ಎದ್ದಿತು. ಪಂಚಾಕ್ಷರಯ್ಯ ಕಡತ ಉಳಿಸಿ, ಕನ್ನಡಕ ಒರೆಸಿಕೊಂಡು, ಕೊಡೆ ಕೈಗೆತ್ತಿಕೊಂಡರು. ಅಷ್ಟರಲ್ಲಿ ಕರೆಂಟು ಹೋಯಿತು. ಒಂದು ಗಂಟೆ ಕಳೆದ ಮೇಲೆ ಬಂತು. ನಾಲ್ಕನೆಯ ಕಂಪ್ಯೂಟರಿನ ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಹರಿದವು. ಡಿಸ್ಕು ತನ್ನ ಗಾಯಗಳನ್ನು ತಾನೇ ತಡಕಿಕೊಳ್ಳುತ್ತಿತ್ತು. ಎಲ್ಲ ನಿಂತ ಮೇಲೆ ಕಡತದ ಹೆಸರು ಇದ್ದಲ್ಲೇ ಇತ್ತು. ತೆರೆದರೆ ಒಳಗೆ ಏನೂ ಇರಲಿಲ್ಲ. ಗಾತ್ರ ಸೊನ್ನೆ. ಹಳೆಯ ಪ್ರತಿಯನ್ನು ಅಳಿಸಿದ್ದು ಡಿಸ್ಕಿಗೆ ಇಳಿದಿತ್ತು, ಅದರ ಜಾಗಕ್ಕೆ ಬರೆದ ಹೊಸದು ಇಳಿದಿರಲಿಲ್ಲ.

"ನಾನು ಸೇವ್ ಮಾಡಿದ್ದೆ ಕಣಮ್ಮ" ಎಂದರು ಪಂಚಾಕ್ಷರಯ್ಯ. "ನೀನೂ ನೋಡಿದೆಯಲ್ಲ."

ಪೆನ್‌ಡ್ರೈವಿನಲ್ಲಿದ್ದದ್ದು ಸಂಕ್ರಾಂತಿಯ ಹಿಂದಿನ ಶನಿವಾರದ ನಕಲು. ಅದರಾಚೆಯ ಮೂರು ತಿಂಗಳು, ಮೂರು ಹಳ್ಳಿ, ಆರುನೂರು ಹೆಸರು ಹೋಗಿದ್ದವು. ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತ ನಿಂತಿದ್ದು, "ಕರೆಂಟಿಗೆ ಯಾರು ಏನು ಹೇಳೋಕಾಗುತ್ತೆ" ಎಂದು ಅವರು ಮೆಟ್ಟಿಲಿಳಿದರು. ಕರೆಂಟಿನವರಿಗೆ ಬಯ್ಯಬೇಕು ಎಂದಳು ಸಿಂಧು. ಕರೆಂಟು ಈ ಮೂರು ವರ್ಷದಲ್ಲಿ ನೂರಾರು ಸಲ ಹೋಗಿತ್ತು, ಒಂದು ಕಡತವೂ ಹೀಗೆ ಬರಿದಾಗಿರಲಿಲ್ಲ ಎಂಬುದು ಆ ಕೋಣೆಯಲ್ಲಿ ರಂಜಿನಿಯೊಬ್ಬಳಿಗೇ ಗೊತ್ತಿತ್ತು.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. "ಈಗ ಯೋಳ್‌ದ್ರೆ ಓಗಿರೋದು ಬತ್ತದಾ? ಸುಮ್ಕಿರು" ಎಂದ ಶಾಂತರಾಜು. ಅವಳು ತುತ್ತನ್ನು ಕೈಯಲ್ಲೇ ಹಿಡಿದು ಕೂತದ್ದನ್ನು ನೋಡಿ, "ಅಷ್ಟು ಸಂಕಟ ಆದ್ರೆ ಯೋಳ್ಬುಡು. ನಾನೇನ್ ಬ್ಯಾಡ ಅನ್ನಾಕಿಲ್ಲ" ಎಂದೂ ಸೇರಿಸಿದ.

ಎರಡನೆಯ ದಿನ ಡಿಸ್ಕನ್ನು ಬಿಚ್ಚಿ, ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಕಾಂತರಾಜು ಅದನ್ನು ಕೈಗೆ ತೆಗೆದುಕೊಂಡು ಮೊದಲು ಅದರ ಇಡೀ ನಕಲು ತೆಗೆದ. ಗಾಯವಾದ ಡಿಸ್ಕಿನ ಮೇಲೆ ನೇರ ಕೆಲಸ ಮಾಡಬಾರದು, ನಕಲಿನ ಮೇಲೆ ಮಾಡಬೇಕು ಎಂದ. ಸಂಜೆ ನಾಲ್ಕರವರೆಗೆ ಹುಡುಕಿದ. ಹಳೆಯ ತುಣುಕುಗಳು, ಅರ್ಧರ್ಧ ಪ್ರತಿಗಳು ಸಿಕ್ಕವು. ಅವನ್ನೆಲ್ಲ ಒಟ್ಟುಗೂಡಿಸಿದರೆ ಇನ್ನೂರ ನಲವತ್ತು ಹೆಸರು.

"ಬರೆಯೋ ಕಡೆ ಕೈ ಹಾಕಿದ್ರಾ ಅಕ್ಕಾ?" ಎಂದು ಕೇಳಿದ.

"ಊಂ."

ಅವನು ಡಿಸ್ಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತ, "ಅವತ್ತು ನಾನೂ ಪೂರ್ತಿ ಯೋಳ್ಬೇಕಿತ್ತು ಬುಡಿ" ಎಂದ. ಅದು ಅವನ ದೊಡ್ಡತನ. ಅವಳಿಗೆ ಅದರಿಂದ ಭಾರವೇನೂ ಇಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಪಂಚಾಕ್ಷರಯ್ಯನವರ ಮನೆಗೆ ಹೋದಳು. ಅವರು ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದರು. ಕುಳಿತುಕೋ ಎಂದರು. ಅವಳು ನಿಂತೇ ಹೇಳಿದಳು. ಏನು ಬದಲಿಸಿದೆ, ಯಾಕೆ ಬದಲಿಸಿದೆ, ಬೇಡವೆಂದು ಯಾರು ಹೇಳಿದ್ದರು, ಎಚ್ಚರಿಕೆಯ ಸಾಲನ್ನು ಓದಿಯೂ ಹೇಗೆ ಮುಂದೆ ಹೋದೆ, ಎಲ್ಲವನ್ನೂ.

ಅವರು ಕನ್ನಡಕ ತೆಗೆದರು. "ಅಂದರೆ, ಬರೆಯದೆಯೇ ಬರೆದಾಯ್ತು ಅಂತ ಸಹಿ ಹಾಕ್ತು, ಹೌದೋ?"

"ಹೌದು ಸಾ. ಹಂಗೆ ಹಾಕು ಅಂತ ನಾನೇ ಹೇಳಿದ್ದೆ."

ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಅವರು ಪತ್ರಿಕೆಯನ್ನು ಮಡಿಸಿಟ್ಟರು.

"ನಾನೂ ಸರ್ವಿಸಿನಲ್ಲಿ ಹಾಗೆ ಮಾಡಿದ್ದೀನಮ್ಮ" ಎಂದರು. "ಬೆಳೆ ನೋಡೋಕೆ ಹೊಲಕ್ಕೆ ಹೋಗಬೇಕು. ಎಷ್ಟೋ ವರ್ಷ ಹೋಗಲೇ ಇಲ್ಲ. ಚಾವಡೀಲಿ ಕೂತು ರಾಗಿ, ಜೋಳ, ಆಲೂಗಡ್ಡೆ ಅಂತ ಬರೆದು ಸಹಿ ಹಾಕಿದ್ದೀನಿ." ಆಮೇಲೆ ದನಿ ತಗ್ಗಿಸಿದರು. "ಆದರೆ ಹಳೇ ಸಾಗುವಳಿದಾರ ಕೆಂಚಯ್ಯ ಹೇಳಿದ್ದ ಹೆಸರುಗಳು ಅದರಲ್ಲಿದ್ದವು. ಅವನು ಮಾರ್ಚ್‌ನಲ್ಲಿ ಹೋಗಿಬಿಟ್ಟ. ಅವನನ್ನ ಎಲ್ಲಿಂದ ತರೋಣ?"

ಕಾಂತರಾಜು ಹುಡುಕಿಕೊಟ್ಟ ಇನ್ನೂರ ನಲವತ್ತು ಹೆಸರಿನ ಮುದ್ರಿತ ಹಾಳೆಗಳನ್ನು ಜಗಲಿಯ ಮೇಲಿಟ್ಟು ಬಂದಳು.

ಒಂಬತ್ತು ದಿನ ಪಂಚಾಕ್ಷರಯ್ಯ ಗ್ರಂಥಾಲಯದ ಕಡೆ ಸುಳಿಯಲಿಲ್ಲ. ಆ ಒಂಬತ್ತು ದಿನದಲ್ಲಿ ರಂಜಿನಿ ತಾನು ಬದಲಾವಣೆ ಮಾಡಿಬಂದ ಐದೂ ಊರುಗಳಿಗೆ ಹೋದಳು. ಫೋನಿನಲ್ಲಿ ಹೇಳಿದರೆ ಯಾರೂ ಮಾಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೋದ ಕಡೆಯೆಲ್ಲ ಮೊದಲು ನಡೆದದ್ದನ್ನು ಹೇಳಿ, ಆಮೇಲೆ ಕಂಪ್ಯೂಟರಿನ ಮುಂದೆ ಕೂತಳು. ಹೊಳೆನರಸೀಪುರದ ಕಡೆ ಒಬ್ಬಾಕೆ, "ನೀವೇ ಹಿಂಗ್ ಮಾಡಿದ್ರೆ ನಾವ್ ಯಾರನ್ ನಂಬಾಣ?" ಎಂದಳು. ನ್ಯಾಯವಾದ ಮಾತು. ಅರಕಲಗೂಡು ಕಡೆ ಅಶೋಕ ಮಾತ್ರ ಒಪ್ಪಲಿಲ್ಲ.

"ನಮ್ಮಲ್ಲೇನೂ ಆಗಿಲ್ವಲ್ಲಕ್ಕ. ಸ್ಪೀಡಾಗೈತೆ, ಇರ್ಲಿ ಬುಡಿ."

"ನಮ್ಮಲ್ಲೂ ಅವತ್ತು ಮೂರು ಗಂಟೆವರ್ಗೂ ಏನೂ ಆಗಿರ್ಲಿಲ್ಲ ಅಶೋಕ."

ಅವನು ಕುರ್ಚಿ ಬಿಟ್ಟು ಎದ್ದ. ಅವಳು ಹಳೆಯ ಗಡುವನ್ನು ಮರಳಿ ಹಾಕಿ, ಖಾತ್ರಿಯನ್ನು ಮತ್ತೆ ಹಚ್ಚಿ, ಅವನ ಕಡತವೊಂದನ್ನು ಉಳಿಸಿ ತೋರಿಸಿದಳು. ಹದಿನೈದು ಸೆಕೆಂಡು ಹಿಡಿಯಿತು. ಅಷ್ಟೂ ಹೊತ್ತು ಇಬ್ಬರೂ ಪರದೆಯನ್ನೇ ನೋಡಿದರು. ಓದುವ ಕಡೆಯ ಬದಲಾವಣೆಗಳನ್ನು ಅವಳು ಹಾಗೇ ಬಿಟ್ಟಿದ್ದಳು. ಅವುಗಳಿಂದ ಯಾರಿಗೂ ಕೇಡಿರಲಿಲ್ಲ.

ಹತ್ತನೆಯ ದಿನ ಪಂಚಾಕ್ಷರಯ್ಯ ಬಂದರು. ಕಂಪ್ಯೂಟರಿನ ಕಡೆ ಹೋಗದೆ ಅವಳ ಮೇಜಿನ ಮುಂದೆ ನಿಂತು ಒಂದು ಹಾಳೆ ಇಟ್ಟರು. ಮೂರು ಹಳ್ಳಿಗಳ ಹೆಸರು, ಕೆಳಗೆ ಉಳಿದ ಸರ್ವೆ ನಂಬರುಗಳು.

"ಭಾನುವಾರ ನಿನಗೆ ಬಿಡುವಿದೆಯಾ?"

"ಐತೆ ಸಾ."

"ನನ್ನ ಮೊಣಕಾಲು ಮೊದಲಿನ ಹಾಗಿಲ್ಲ. ಜೊತೆಗೆ ಬಾ."

ಹಾಳೆಯಲ್ಲಿದ್ದ ಕೊನೆಯ ಊರು ಅವಳ ತವರು. "ಅಲ್ಲಿ ನಮ್ಮಪ್ಪ ನೀರುಗಂಟಿ ಆಗಿದ್ರು ಸಾ" ಎಂದಳು.

"ಗೊತ್ತು" ಎಂದರು ಅವರು. ಇಪ್ಪತ್ತೆರಡು ವರ್ಷ ಆ ಕಂದಾಯ ಸರ್ಕಲ್ಲಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತಿಲ್ಲದೆ ಇರುತ್ತದೆಯೆ? ಆದರೆ ಮೊದಲ ಸಲ ಹೆಸರು ಕೇಳಲು ಹೋದಾಗ ಅವರು ಕೇಳಿದ್ದು ಜಮೀನುದಾರರ ಮನೆಗಳಲ್ಲಿ, ಕೆಂಚಯ್ಯನಂಥ ಹಳೆಯ ಸಾಗುವಳಿದಾರರಲ್ಲಿ. ಕೇರಿಯ ಕಡೆ ಹೋಗಿರಲಿಲ್ಲ.

ಮೇ ತಿಂಗಳಿಂದ ಭಾನುವಾರಗಳು ಹೀಗೆ ಕಳೆದವು. ಮೊದಲೆರಡು ಹಳ್ಳಿಗಳಲ್ಲಿ ಜನ ಇನ್ನೊಮ್ಮೆ ಬೇಸರವಿಲ್ಲದೆ ಹೇಳಿದರು. ಮೂರನೆಯದಕ್ಕೆ ಬಂದಾಗ ಲಕ್ಕಯ್ಯ ಕೆರೆ ಏರಿಯ ಮೇಲೆ, ಒಗೆದ ಪಂಚೆ ಉಟ್ಟುಕೊಂಡು ಕಾದಿದ್ದ. "ಬನ್ನಿ ಬುದ್ಧಿ" ಎಂದು ಎದ್ದು ನಿಂತ.

"ಬುದ್ಧಿ ಅನ್ಬ್ಯಾಡ ಕಣಪ್ಪ" ಎಂದಳು ರಂಜಿನಿ ಮೆಲ್ಲಗೆ.

"ಬಾಯಿಗ್ ಬಂದ್ಬುಡ್ತದೆ ಕಣವ್ವ. ಬನ್ನಿ ಸಾ" ಎಂದು ತಿದ್ದಿಕೊಂಡ.

ಮೂವರೂ ಬದುವಿನ ಮೇಲೆ ನಡೆದರು. ಪಂಚಾಕ್ಷರಯ್ಯ ಒಂದು ಗದ್ದೆಯ ಮುಂದೆ ನಿಂತು, "ಇದು ಗೌಡರ ದೊಡ್ಡಗದ್ದೆ, ಅಲ್ಲವೋ?" ಎಂದರು.

"ನೀವ್ ಬರ್ಕೊಂಡಿರೋದು ಅಂಗೆ. ನಾವು ಇದ್ನ ಬೆಳಗಿನ ಗದ್ದೆ ಅಂತಿದ್ವಿ."

"ಯಾಕೆ?"

"ಕತ್ಲಾಗ್ತಿದ್ದಂಗೆ ತೂಬು ಎತ್ತುದ್ರೆ ನೀರು ಇಲ್ಲಿಗ್ ಬರೋ ಒತ್ಗೆ ಬೆಳಗಾಗೋದು. ಅದುಕ್ಕೆ." ಲಕ್ಕಯ್ಯ ಕೋಲು ಚಾಚಿ ತೋರಿಸಿದ. "ಅಗಳಿ, ಅದು ಅಳುಗದ್ದೆ. ನೀರು ನಿಂತ್ಕಳಾಕಿಲ್ಲ, ಕಟ್ಟುದ್ ಬದುನೆಲ್ಲ ಸೋರ್ತದೆ. ಅದರಾಚ್ಗಿನದು ಬುತ್ತಿಮೂಲೆ. ನಾಟಿ ಹೆಂಗಸ್ರು ಬುತ್ತಿ ಬಿಚ್ಚೋ ಜಾಗ. ನಿಮ್ ಪುಸ್ತಕದಲ್ಲಿ ಇರೋವು ಒಡೆಯರ ಹೆಸ್ರು ಸಾ. ನಾವ್ ಕರೀತಿದ್ದುದು ಕೆಲಸದ ಹೆಸ್ರು."

ಪಂಚಾಕ್ಷರಯ್ಯ ಬದುವಿನ ಮೇಲೆ ಕೂತುಬಿಟ್ಟರು. ಮೊಣಕಾಲು ನೋವಿರಬೇಕೆಂದು ರಂಜಿನಿ ನೀರಿನ ಬಾಟಲಿ ಕೊಟ್ಟಳು. ಅವರು ಕುಡಿಯಲಿಲ್ಲ.

"ಇಪ್ಪತ್ತೆರಡು ವರ್ಷ ಈ ಸರ್ಕಲ್ಲಿನಲ್ಲಿದ್ದೆ. ಒಂದು ದಿನವೂ ನಿನ್ನನ್ನ ಕೇಳಲಿಲ್ಲ ಲಕ್ಕಯ್ಯ."

"ಕೇಳಾಕ್ ಎಲ್ಲಾಯ್ತಿತ್ತು ಸಾ. ನೀವು ಚಾವಡೀಲಿರ್ತಿದ್ರಿ, ನಾನು ಕೆರೇಲಿರ್ತಿದ್ದೆ." ಅವನ ದನಿಯಲ್ಲಿ ದೂರೂ ಇರಲಿಲ್ಲ, ಸಮಾಧಾನ ಹೇಳುವ ಆತುರವೂ ಇರಲಿಲ್ಲ. ರಂಜಿನಿ ಇಬ್ಬರ ಮುಖವನ್ನೂ ನೋಡದೆ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು ಪುಟವನ್ನು ಎರಡು ಅಂಕಣ ಮಾಡಿದಳು. ಒಂದರಲ್ಲಿ ಗೌಡರ ದೊಡ್ಡಗದ್ದೆ ಎಂದು ಬರೆದಳು, ಇನ್ನೊಂದರಲ್ಲಿ ಬೆಳಗಿನ ಗದ್ದೆ ಎಂದು.

ಆಮೇಲೆ ಹಳೆಯ ಹಳ್ಳಿಗಳಿಗೂ ಮತ್ತೆ ಹೋಗಬೇಕಾಯಿತು. ಈ ಎರಡನೆಯ ಅಂಕಣ ಎಲ್ಲ ಊರಿನಲ್ಲೂ ಬಾಕಿ ಇತ್ತಲ್ಲ. ನೀರುಗಂಟಿಗಳು, ನಾಟಿ ಹಾಕುವ ಹೆಂಗಸರು, ದನ ಕಾಯುತ್ತಿದ್ದವರು ಹೇಳಿದ ಹೆಸರುಗಳು ಬಂದವು. ಕಳೆದುಹೋದ ಮುನ್ನೂರರವತ್ತು ಹೆಸರುಗಳಲ್ಲಿ ಹೆಚ್ಚಿನವು ಸಿಕ್ಕವು. ಕೆಂಚಯ್ಯ ಒಬ್ಬನಿಗೇ ಗೊತ್ತಿದ್ದ ನಲವತ್ತೊಂದು ಸಿಗಲಿಲ್ಲ. ಅವನ ಮಕ್ಕಳಿಗೆ ಸರ್ವೆ ನಂಬರ್ ಮಾತ್ರ ಗೊತ್ತಿತ್ತು. ಆ ಸಾಲುಗಳನ್ನು ಏನು ಮಾಡಲಿ ಎಂದು ರಂಜಿನಿ ಕೇಳಿದಾಗ ಪಂಚಾಕ್ಷರಯ್ಯ, ಹಾಗೇ ಖಾಲಿ ಬಿಡು ಎಂದರು. ಬಿಟ್ಟಳು. ಕಡತ ತೆರೆದಾಗಲೆಲ್ಲ ಅವಳ ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ.

ಸೆಪ್ಟೆಂಬರಿನ ಸಭೆಯಲ್ಲಿ ಹಾಸನದ ಅಧಿಕಾರಿಯೊಬ್ಬರು ಹಳೆಯ ಕಂಪ್ಯೂಟರುಗಳನ್ನು ಚುರುಕು ಮಾಡುವ ಬಗ್ಗೆ ಮಾತಾಡಲು ಅವಳನ್ನು ಕರೆದರು. ನಲವತ್ತು ಜನ ಕೂತಿದ್ದರು. ಅವಳು ಮೊದಲು ಏಪ್ರಿಲ್‌ನಲ್ಲಿ ನಡೆದದ್ದನ್ನು ಹೇಳಿದಳು, ಆಮೇಲೆ ಅಳೆಯುವುದನ್ನು ತೋರಿಸಿದಳು. ಕೈ ಹಾಕಬಾರದ ಜಾಗ ಯಾವುದು, ಯಾಕೆ ಹಾಕಬಾರದು ಎಂಬುದನ್ನು ಅರ್ಧಕ್ಕೆ ಬಿಡದೆ ಪೂರ್ತಿ ವಿವರಿಸಿದಳು. ಈಗಲೂ ಬೇರೆ ಊರಿನವರು ಕರೆದರೆ ಹೋಗುತ್ತಾಳೆ. ಮುಚ್ಚಳ ಬಿಚ್ಚುವ ಮುಂಚೆ, "ಇದ್ರಲ್ಲಿ ಬೇರೆ ಎಲ್ಲೂ ಇಲ್ದಿರೋದು ಏನೈತೆ?" ಎಂದು ಕೇಳುತ್ತಾಳೆ. ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹುಡುಕಿಸಿ, ನಕಲು ತೆಗೆಸಿ, ಆಮೇಲೆ ಕೆಲಸ ಶುರುಮಾಡುತ್ತಾಳೆ.

ಸಿಂಧು ಪರೀಕ್ಷೆ ಬರೆದು ಬಂದಳು. ಫಲಿತಾಂಶ ಇನ್ನೂ ಬಂದಿಲ್ಲ. ಪಂಚಾಯಿತಿಯವರು ಹೆಸರುಗಳ ಪಟ್ಟಿಯನ್ನು ಮುದ್ರಿಸಿ, ಹೊಲಿಸಿ, ಒಂದು ಪ್ರತಿಯನ್ನು ಗ್ರಂಥಾಲಯದಲ್ಲಿಟ್ಟಿದ್ದಾರೆ. ಜನ ಬಂದು ತಮ್ಮ ತಮ್ಮ ಹೊಲ ಹುಡುಕಿಕೊಳ್ಳುತ್ತಾರೆ. ಹೋದ ವಾರ ಲಕ್ಕಯ್ಯ ಮಗಳ ಮನೆಗೆ ಬಂದವನು ಗ್ರಂಥಾಲಯಕ್ಕೂ ಬಂದು ಬೆಂಚಿನ ಮೇಲೆ ಕೂತ. ರಂಜಿನಿ ಅವನ ಊರಿನ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡು, ತೂಬಿನಿಂದ ಶುರುಮಾಡಿ ಕಾಲುವೆಯ ಜೊತೆಗೇ ನಡೆಯುವವನ ಹಾಗೆ ತಲೆಯಾಡಿಸುತ್ತ ಕೇಳಿದ. ಮಧ್ಯದಲ್ಲಿ ಒಂದು ಕಡೆ ಕಣ್ಣು ಬಿಟ್ಟ.

"ಅದು ಗೂಗೆಗುಂಡಿ ಅಲ್ಲ ಕಣವ್ವ, ಗೂಟದಗುಂಡಿ. ಗೂಟ ನೆಟ್ಟಿದ್ರು ಅಲ್ಲಿ."

"ನೀನೇ ಅಲ್ವೇನಪ್ಪ ಅವತ್ತು ಗೂಗೆ ಅಂದಿದ್ದು?"

"ನಿಂಗೆ ಅಂಗ್ ಕೇಳುಸ್ತು ಏನೋ, ಗಾಳಿ ಬ್ಯಾರೆ ಇತ್ತು."

ಅವಳು ನಾಲ್ಕನೆಯ ಕಂಪ್ಯೂಟರಿನ ಮುಂದೆ ಕೂತು ತಿದ್ದಿದಳು.